ದೀರ್ಘಾಯುವಾದ ಚಕ್ರವೀರ

ಯೌವನದಲ್ಲಿ ಮಡಿದ ವೀರನ ಕಥೆಯು ತಾನಾಗಿ ಮುಗಿಯುತ್ತದೆ. ಶತಾಯುಷಿಯಾದವನ ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಚರಿತ್ರಕಾರನಿಗೆ ತೊಡಕಿನ ವಿಷಯ. ಬೈಸಿಕಲ್ ಪಂದ್ಯಗಳಲ್ಲಿ ಪ್ರಖ್ಯಾತನಾದ ಆಲ್ಫ್ರೆಡ್ ಗೂಲೆಯ ಜೀವನವು ಇದಕ್ಕೆ ಉತ್ತಮ ನಿದರ್ಶನ.

ಈತನು 1891ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಜನಿಸಿ, 1910ರಲ್ಲಿ ಅಮೆರಿಕೆಯನ್ನು ಸೇರಿ, ಆರು ದಿನಗಳ ಪಂದ್ಯಗಳಲ್ಲಿ ಅಗ್ರಗಣ್ಯನಾದನು. ಮೊದಲು ಒಬ್ಬೊಬ್ಬನೇ ಹಗಲಿರುಳು ತುಳಿಯುತ್ತಿದ್ದ ಈ ಪಂದ್ಯವು ಕ್ರೂರವೆಂದು ಜನರು ಆಕ್ಷೇಪಿಸಲು, ದಿನಕ್ಕೆ 12 ಗಂಟೆಗಿಂತ ಹೆಚ್ಚಾಗಿ ಯಾರೂ ಸವಾರಿ ಮಾಡಕೂಡದೆಂದು ನ್ಯೂಯಾರ್ಕಿನಲ್ಲಿ ಶಾಸನವಾಯಿತು. ಇಬ್ಬರು ಜೊತೆಗೂಡಿ ಸರದಿಯಂತೆ ಓಡಿಸುವ ಪದ್ಧತಿಯು ಹೀಗೆ ಹುಟ್ಟಿತು. 1914ರಲ್ಲಿ ಆ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಗೂಲೆಯೂ ಟ್ಯಾಸ್ಮೇನಿಯದ ಆಲ್ಫ್ರೆಡ್ ಗ್ರೆಂಡನೂ ಆರು ದಿನಗಳಲ್ಲಿ 2,759 ಮೈಲಿಗಳನ್ನು ಕ್ರಮಿಸಿದರು. ಗೂಲೆಯು 1925ರಲ್ಲಿ ಪಂದ್ಯಗಳಿಂದ ನಿವೃತ್ತನಾಗಿ, 1995ರಲ್ಲಿ ತನ್ನ 103ನೆಯ ವಯಸ್ಸಿನಲ್ಲಿ ಕಾಲವಾದನು.

ಇಂತಹ ಚರಿತ್ರೆಯನ್ನು ಓದಿದೊಡನೆ, ದೀರ್ಘಾಯುಷ್ಯವು ವ್ಯಾಯಾಮದ ಫಲವೆಂದು ಉಪಸಂಹರಿಸುವ ಆಸೆಯು ಸಹಜವಾಗಿಯೇ ಉಂಟಾಗುವುದು. ಆದರೆ ಇದು ಕಾಕತಾಲೀಯವಲ್ಲವೆಂದು ಹೇಳುವ ಬಗೆ ಹೇಗೆ? ಕಾಗೆಯು ಕುಳಿತಿತು, ತಾಳೆಯ ಹಣ್ಣು ಬಿದ್ದಿತು. ಕುಳಿತುದರಿಂದಲೇ ಬಿದ್ದಿತೆಂದು ಯಾರು ಸಾಧಿಸಬಲ್ಲರು? 1899ರಲ್ಲಿ ಇದೇ ಕ್ರೀಡೆಯಲ್ಲಿ ಜಗಜ್ಜೇತೃವಾದ ಮೇಜರ್ ಟೇಲರನು 1932ರಲ್ಲಿ, 53ನೆಯ ವಯಸ್ಸಿನಲ್ಲಿಯೇ, ಗತಿಸಿದನು. ಗೂಲೆಯಾದರೂ ತನ್ನ ವೃತ್ತಿಯನ್ನು ಆರೋಗ್ಯದಾಯಕವೆಂದು ಹೊಗಳಿದವನಲ್ಲ. 1926ರಲ್ಲಿ ಸಹಲೇಖಕನೊಡನೆ ಪ್ರಕಟಿಸಿದ ಲೇಖನಕ್ಕೆ ಅವನಿಟ್ಟ ಹೆಸರನ್ನು ಕನ್ನಡಿಸಿದರೆ 'ನರಕದ ಗಾಣ' ಎಂದಾಗುವುದು. ಮೊಳಕಾಲು ನೊಂದುದು, ಹೊಟ್ಟೆ ಕೆಟ್ಟುದು, ಮರಗಟ್ಟಿದ ಬೆರಳುಗಳಿಂದ ತಿಂಗಳ ಕಾಲ ಅಂಗಿಯ ಕತ್ತಿನ ಗುಂಡಿಯನ್ನು ಹಾಕಿಕೊಳ್ಳಲಾರದೆ ಹೋದುದು, ಇವೆಲ್ಲವನ್ನೂ ಅವನೇ ಹೇಳಿಕೊಂಡಿರುವನು. ನಾಯಕನ ಸ್ವಂತ ಸಾಕ್ಷ್ಯವನ್ನು ಬದಿಗೊತ್ತಿ ನೀತಿಯನ್ನು ಬೋಧಿಸುವುದು ಚರಿತ್ರೆಯಲ್ಲ, ಅರ್ಥವಾದ.

ಎರಡನೆಯ ಲೋಪವು ಇದಕ್ಕಿಂತ ದೊಡ್ಡದು. ಅಮೆರಿಕೆಯಲ್ಲಿ ಅವನು ಪಂದ್ಯವಾಡಿದ್ದು 15 ವರ್ಷ. ಆಮೇಲೆ ಬಾಳಿದ್ದು 70 ವರ್ಷ. ಮೈಲಿಗಳನ್ನೂ ಜಯಗಳನ್ನೂ ಎಣಿಸಿ, ಈ 70 ವರ್ಷಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುವ ಗ್ರಂಥವು ಯುದ್ಧಕಾಂಡವನ್ನೇ ರಾಮಾಯಣವೆಂದಂತೆ. ಚಪ್ಪಾಳೆಯ ಸದ್ದಡಗಿದ ಮೇಲೆ ಮನುಷ್ಯನು ಏನನ್ನು ನೆಚ್ಚಿ ಬದುಕುವನು? ನಮ್ಮ ಮನೆಗಳಲ್ಲಿಯೂ ವೃತ್ತಿ ಮುಗಿಸಿದ ಹಿರಿಯರಿರುವರು. ಓದುಗನು ಜೀವನಚರಿತ್ರೆಯನ್ನು ಕೈಗೆತ್ತಿಕೊಳ್ಳುವುದು ಈ ಪ್ರಶ್ನೆಗಾಗಿಯೂ ಹೌದು. ಮುಂದೆ ಗೂಲೆಯನ್ನು ಕುರಿತು ಬರೆಯುವವರು 1925ರಿಂದಲೇ ಆರಂಭಿಸಲಿ.