ಶ್ರದ್ಧಾವಂತ ವಾಚಕರೂ ಎರಡು ಕಾದಂಬರಿಗಳೂ

ಹುಲ್ಲಹಳ್ಳಿಯ ಅಣೆಕಟ್ಟನ್ನು ದಾಟಿದ ಕಪಿಲಾನದಿಯು ನಂಜನಗೂಡಿನ ಶ್ರೀಕಂಠೇಶ್ವರಸನ್ನಿಧಿಯ ಬಳಿ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವುದು. ಈ ನದೀತೀರವು ವೈದಿಕವಿದ್ಯೆಗೂ ಮಠಸಂಪ್ರದಾಯಗಳಿಗೂ ಬಹುಕಾಲದಿಂದ ನೆಲೆಯಾಗಿರುವ ಪ್ರದೇಶವೆಂಬುದು ಪ್ರಸಿದ್ಧವಾಗಿದೆ. ನರಸೀಪುರದ ತಾಲ್ಲೂಕಿಗೆ ಸೇರಿದ ಬನ್ನೂರು ವ್ಯಾಸತೀರ್ಥರ ಜನ್ಮಸ್ಥಳ. ಅದೇ ತಾಲ್ಲೂಕಿನ ಸೋಸಲೆಯು ಅವರ ಪರಂಪರೆಯ ಮಠವೊಂದಕ್ಕೆ ತನ್ನ ಹೆಸರನ್ನು ಕೊಟ್ಟಿದೆ. ಶ್ರೀ ಎಸ್. ಎಲ್. ಭೈರಪ್ಪನವರು ತಮ್ಮ ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಗಳಿಗೆ ಮನೆ ಕಟ್ಟಿಕೊಟ್ಟದ್ದು ಈ ಹೊಳೆಯ ದಂಡೆಯ ನಂಜನಗೂಡಿನಲ್ಲಿಯೇ. ಆ ಕಾದಂಬರಿಯು ಹೊರಬಿದ್ದ 1965ನೆಯ ವರ್ಷದಲ್ಲಿಯೇ ಶ್ರೀ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಅದರ ಕಥೆ ನಡೆಯುವುದು ಮಲೆನಾಡಿನ ದೂರ್ವಾಸಪುರವೆಂಬ ಮಾಧ್ವ ಅಗ್ರಹಾರದಲ್ಲಿ.

ಒಂದು ಕೃತಿಯು ಕಪಿಲಾತೀರದ್ದು, ಮತ್ತೊಂದು ತುಂಗಾತೀರದ್ದು. ಆದರೆ ಎರಡರ ಸಾಮ್ಯವು ಆಶ್ಚರ್ಯಕರವಾಗಿದೆ. ಎರಡರಲ್ಲಿಯೂ ನಾಯಕನು ಶಾಸ್ತ್ರಜ್ಞನೂ ಆಚಾರವಂತನೂ ಆದ ಬ್ರಾಹ್ಮಣನು. ಪ್ರಾಣೇಶಾಚಾರ್ಯರ ಪತ್ನಿ ಭಾಗೀರಥಿ, ಶ್ರೋತ್ರಿಗಳ ಪತ್ನಿ ಭಾಗೀರಥಮ್ಮ. ಎರಡು ಕಡೆಯೂ ದಾಂಪತ್ಯಸುಖವು ಕುಂಠಿತವಾದದ್ದು. ಎರಡು ಕಡೆಯೂ ನಾಯಕನ ಇಂದ್ರಿಯನಿಗ್ರಹಕ್ಕೆ ಪರೀಕ್ಷೆ ಬರುವುದು: ಪ್ರಾಣೇಶಾಚಾರ್ಯರು ಚಂದ್ರಿಯ ಸಂಗದಲ್ಲಿ ಬೀಳುವರು; ಶ್ರೋತ್ರಿಗಳು, ಹೆಂಡತಿಯೇ ಸೂಚಿಸಿದರೂ, ಮನೆಯ ಲಕ್ಷ್ಮಿಯನ್ನು ಕೂಡದೆ ನಿಲ್ಲುವರು. ಎರಡು ಕಡೆಯೂ ಕಥಾಂತ್ಯದಲ್ಲಿ ನಾಯಕನು ತಾನು ನಿಂತಿದ್ದ ನೆಲವೇ ಕುಸಿದುದನ್ನು ಕಾಣುವನು. ಹೀಗಿದ್ದರೂ ಶ್ರದ್ಧಾವಂತ ವಾಚಕರು ಮೊದಲನೆಯದನ್ನು ದ್ರೋಹವೆಂದು ದೂರಿದರು, ಎರಡನೆಯದನ್ನು ಬಹುಮಟ್ಟಿಗೆ ತಮ್ಮದೆಂದು ಆದರಿಸಿದರು. ಈ ಭೇದಕ್ಕೆ ಕಾರಣವೇನು, ಅದು ಗ್ರಂಥಗತವೋ ವಾಚಕಗತವೋ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ‘ಸಂಸ್ಕಾರ’ದ ವಿಷಯ. ದೂರ್ವಾಸಪುರದಲ್ಲಿ ನಾರಣಪ್ಪನೆಂಬ ಆಚಾರಭ್ರಷ್ಟನು ಸತ್ತಿದ್ದಾನೆ. ಅವನು ಮದ್ಯಮಾಂಸಗಳನ್ನು ಸೇವಿಸಿದವನು, ಚಂದ್ರಿಯೊಡನೆ ಬಾಳಿದವನು. ಆದರೂ ಬಹಿಷ್ಕಾರಮಾಡಿದರೆ ಮುಸಲ್ಮಾನನಾಗುವೆನೆಂದು ಅವನು ಹೆದರಿಸಿದ್ದರಿಂದ ಯಾರೂ ಅವನನ್ನು ಜಾತಿಯಿಂದ ಹೊರಗೆ ಹಾಕಿರಲಿಲ್ಲ. ಈಗ ಅವನ ಶವಸಂಸ್ಕಾರಕ್ಕೆ ಯಾರು ಅಧಿಕಾರಿಗಳು ಎಂಬುದೇ ಪ್ರಶ್ನೆ. ಅಗ್ರಹಾರದ ವೇದಾಂತಶಿರೋಮಣಿಗಳಾದ ಪ್ರಾಣೇಶಾಚಾರ್ಯರು ಓಲೆಗರಿಗಳನ್ನು ತಿರುವಿಹಾಕುತ್ತಾರೆ, ಮಾರುತಿಯ ಪ್ರಸಾದವನ್ನು ಬೇಡುತ್ತಾರೆ, ಉತ್ತರ ದೊರಕುವುದಿಲ್ಲ. ಇತ್ತ ಚಂದ್ರಿಯು ತನ್ನ ಒಡವೆಗಳನ್ನು ಬಿಚ್ಚಿ ಮುಂದಿಟ್ಟ ಕೂಡಲೆ, ಅದುವರೆಗೆ ಹಿಂಜರಿಯುತ್ತಿದ್ದ ಗರುಡಾಚಾರ್ಯ ಲಕ್ಷ್ಮಣಾಚಾರ್ಯರ ಮನಸ್ಸು ಬೇರೆಯಾಗುವುದು. ಕಡೆಗೆ ಚಂದ್ರಿಯೇ ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರಿಯಲ್ಲಿ ಶವವನ್ನು ದಹನಮಾಡಿಸುವಳು.

ಈ ಕಾದಂಬರಿಯನ್ನು ಮಾಧ್ವಸಮಾಜದ ಅನೇಕರು ತಮ್ಮ ಮತಕ್ಕೂ ಗುರುಗಳಿಗೂ ಮಾಡಿದ ಅಪಮಾನವೆಂದು ತಿಳಿದರು. ಗ್ರಂಥಕರ್ತರು ಅದೇ ಸಮಾಜದಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ, ಹುಟ್ಟಿದವರು. ದೂರ್ವಾಸಪುರವೆಂಬ ಹೆಸರಿನ ಊರಿನ ಸಂಸ್ಕೃತ ಪಾಠಶಾಲೆಯಲ್ಲಿ ಅಕ್ಷರ ಕಲಿತವರು. ಒಳಗಿನವನೇ ಹೀಗೆ ಬರೆದನೆಂಬುದರಿಂದ ನೋವು ಹೆಚ್ಚಾಯಿತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಚಲನಚಿತ್ರವನ್ನಾಗಿ ಮಾಡಿದಾಗ ಮದರಾಸಿನ ಸೆನ್ಸಾರ್ ಮಂಡಲಿಯು ಅನುಮತಿಯನ್ನು ನಿರಾಕರಿಸಿತು. ಅನಂತರ ಪ್ರತಿಬಂಧವು ತೆರವಾಗಿ, ಅದೇ ಚಿತ್ರವು 1970ನೆಯ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಇಂಥ ಪ್ರಸಂಗವು ಒಂದೇ ಮತದವರದೆಂದು ಭಾವಿಸಲಾಗದು. ಬಸವಣ್ಣನವರ ಕಾಲವನ್ನು ವಸ್ತುವಾಗಿ ಉಳ್ಳ ಶ್ರೀ ಪಿ. ವಿ. ನಾರಾಯಣರ ‘ಧರ್ಮಕಾರಣ’ವನ್ನು 1997ರಲ್ಲಿ ಕರ್ನಾಟಕ ಸರ್ಕಾರವು ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು.

ನೊಂದವರ ನೋವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಕಾದಂಬರಿಯು ಕಲ್ಪಿತ ಜನಾಂಗವನ್ನು ಹೇಳದೆ, ಬದುಕಿರುವ ಒಂದು ಸಂಪ್ರದಾಯವನ್ನು ಹೆಸರಿಟ್ಟು ಕರೆದಿದೆ. ಆ ಸಂಪ್ರದಾಯದವರು ಅದರಲ್ಲಿ ತಮ್ಮ ಮನೆಯ ಹಿರಿಯರನ್ನು ಕಂಡರೆ ತಪ್ಪೇನು? ಆದರೆ ನೋವು ಒಂದು, ನಿರ್ಣಯ ಮತ್ತೊಂದು. ನಿರ್ಣಯಕ್ಕೆ ನಮ್ಮ ಶಾಸ್ತ್ರಕಾರರು ಕ್ರಮವನ್ನು ಹಾಕಿಕೊಟ್ಟಿದ್ದಾರೆ. ಗ್ರಂಥದ ತಾತ್ಪರ್ಯವನ್ನು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಲಿಂಗಗಳಿಂದ ತಿಳಿಯಬೇಕೆಂಬುದು ಅದ್ವೈತಿಗಳಿಗೂ ಮಾಧ್ವರಿಗೂ ಸಮ್ಮತವಾದದ್ದು. ಇನ್ನು ಪ್ರತಿಪಕ್ಷವನ್ನು ಎದುರಿಸುವ ರೀತಿಗೆ ಬನ್ನೂರಿನ ವ್ಯಾಸತೀರ್ಥರಿಗಿಂತ ಬೇರೆ ಮಾದರಿ ಬೇಕಿಲ್ಲ. ‘ನ್ಯಾಯಾಮೃತ’ದಲ್ಲಿ ಅವರು ಅದ್ವೈತಪಕ್ಷವನ್ನು ಪೂರ್ಣವಾಗಿ ಅನುವಾದಮಾಡಿ ಆಮೇಲೆ ಖಂಡಿಸಿದರು. ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಮರುನುಡಿದರು; ಅದಕ್ಕೆ ‘ತರಂಗಿಣಿ’, ಅದಕ್ಕೆ ಮತ್ತೆ ‘ಚಂದ್ರಿಕೆ’ ಹುಟ್ಟಿದುವು. ಹಲವು ತಲೆಮಾರು ನಡೆದ ಈ ವಾದದಲ್ಲಿ ಯಾರೂ ಎದುರಾಳಿಯ ಗ್ರಂಥವನ್ನು ಮುಚ್ಚಿಸಬೇಕೆಂದು ಕೇಳಲಿಲ್ಲ; ಮುಚ್ಚಿದ್ದರೆ ತಮ್ಮ ಗ್ರಂಥಕ್ಕೇ ಅರ್ಥವಿರುತ್ತಿರಲಿಲ್ಲ.

ಈ ಕ್ರಮವನ್ನು ಅನುಸರಿಸಿದ್ದರೆ ‘ಸಂಸ್ಕಾರ’ಕ್ಕೆ ಎಂಥ ಉತ್ತರವನ್ನು ಕೊಡಬಹುದಾಗಿತ್ತು? ಪತಿತನಾದವನನ್ನು ಬಂಧುಗಳು ಬದುಕಿರುವಾಗಲೇ ತ್ಯಜಿಸುವುದಕ್ಕೆ ಘಟಸ್ಫೋಟವೆಂಬ ವಿಧಿಯನ್ನು ಮನುವೂ ಯಾಜ್ಞವಲ್ಕ್ಯನೂ ಹೇಳಿದ್ದಾರೆ. ನಾರಣಪ್ಪನಿಗೆ ಅದು ನಡೆದಿರಲಿಲ್ಲ; ಆದಕಾರಣ ಬಂಧುತ್ವವು ಹರಿದಿರಲಿಲ್ಲ. ಪತಿತರಿಗೆ ಉದಕಕ್ರಿಯೆಯಿಲ್ಲವೆಂಬ ನಿಷೇಧವನ್ನು ಒಡ್ಡಿದರೆ, ನಾರಾಯಣಬಲಿ ಮೊದಲಾದ ಪರಿಹಾರಗಳು ನಿಬಂಧಗ್ರಂಥಗಳಲ್ಲಿ ಉಕ್ತವಾಗಿವೆ. ಬಂಧುಗಳು ಒಲ್ಲೆವೆಂದರೂ, ದಿಕ್ಕಿಲ್ಲದ ಬ್ರಾಹ್ಮಣನ ಶವವನ್ನು ಹೊರುವ ದ್ವಿಜರಿಗೆ ಹೆಜ್ಜೆಹೆಜ್ಜೆಗೂ ಯಜ್ಞಫಲವುಂಟೆಂದು ಪರಾಶರಸ್ಮೃತಿಯು ಹೊಗಳುವುದು. ಆ ಸ್ಮೃತಿಗೆ ವ್ಯಾಖ್ಯಾನವನ್ನು ರಚಿಸಿದವರು ವಿಜಯನಗರದ ಕಾಲದ ಮಾಧವಾಚಾರ್ಯರು. ಅಂದಮೇಲೆ ಪ್ರಶ್ನೆಯು ಕಠಿನವಾದದ್ದೇ ಹೊರತು ಉತ್ತರವಿಲ್ಲದ್ದಲ್ಲ.

ಇದರಿಂದ ಎರಡು ಅಂಶಗಳು ಸಿದ್ಧಿಸುವುವು. ಒಂದನೆಯದು ಗ್ರಂಥಕರ್ತರಿಗೆ ಸಂಬಂಧಿಸಿದ ದೋಷ. ಪ್ರಾಣೇಶಾಚಾರ್ಯರ ಪಾಂಡಿತ್ಯವು ಕಾದಂಬರಿಯಲ್ಲಿ ಕೀರ್ತಿತವಾಗಿದೆಯೇ ವಿನಾ ವ್ಯಾಪಾರದಲ್ಲಿ ತೋರಿಬರುವುದಿಲ್ಲ. ಕಾಶಿಯಲ್ಲಿ ಓದಿಬಂದ ವಿದ್ವಾಂಸನು ವಚನಗಳನ್ನು ಎದುರೆದುರಿಟ್ಟು ಬಲಾಬಲವನ್ನು ನೋಡುವ ಸನ್ನಿವೇಶವೊಂದಿದ್ದಿದ್ದರೆ ಅವನ ಸೋಲು ಇನ್ನೂ ಭಯಂಕರವಾಗುತ್ತಿತ್ತು. ಶಾಸ್ತ್ರವು ಮೌನವಾಗಿದೆಯೆಂಬ ಭಾವನೆಯು ಓದುಗರಲ್ಲಿ ಹುಟ್ಟುವುದಕ್ಕೆ ಈ ಕೊರತೆಯೇ ಕಾರಣ. ಶ್ರದ್ಧಾವಂತರು ಎತ್ತಬೇಕಾಗಿದ್ದ ಯುಕ್ತವಾದ ಆಕ್ಷೇಪಣೆ ಇದು.

ಎರಡನೆಯದು ವಾಚಕರಿಗೆ ಸಂಬಂಧಿಸಿದ್ದು. ಉತ್ತರವು ಶಾಸ್ತ್ರದಲ್ಲಿ ಇದ್ದೂ ದೂರ್ವಾಸಪುರದವರಿಗೆ ಕಾಣಿಸಲಿಲ್ಲವೆಂದರೆ, ಅಪರಾಧವು ಅಧಿಕಾರಿಗಳದಾಗುವುದು, ಶಾಸ್ತ್ರದ್ದಾಗದು. ಒಬ್ಬರ ಕಣ್ಣಿಗೆ ಚಿನ್ನವು ಅಡ್ಡವಾಯಿತು, ಮತ್ತೊಬ್ಬರಿಗೆ ಭಯ, ಪ್ರಾಣೇಶಾಚಾರ್ಯರಿಗೆ ತಮ್ಮ ತಪಸ್ಸಿನ ಅಭಿಮಾನ. ಅನಾಥಪ್ರೇತಸಂಸ್ಕಾರದ ಪುಣ್ಯವು, ಸ್ಮೃತಿಯ ಅಧಿಕಾರವೇ ಇಲ್ಲದ ಒಬ್ಬ ಹೆಂಗಸಿಗೂ ಅನ್ಯಮತೀಯನಿಗೂ ಸಂದಿತು. ಕಥೆಯ ಉಪಸಂಹಾರದಲ್ಲಿ ಆಚಾರ್ಯರು ನಿರ್ಣಯವಿಲ್ಲದೆ, ಆತಂಕದಿಂದಲೂ ನಿರೀಕ್ಷೆಯಿಂದಲೂ ಕೂಡಿ ಊರ ಕಡೆಗೆ ಮರಳುತ್ತಿರುವರು. ಅಲ್ಲಿ ಧರ್ಮವನ್ನು ತಳ್ಳಿಹಾಕುವ ಸಿದ್ಧಾಂತವಿಲ್ಲ. ನಾರಣಪ್ಪನ ಮಾತು ಪೂರ್ವಪಕ್ಷ. ಅದನ್ನೇ ಗ್ರಂಥದ ಸಿದ್ಧಾಂತವೆಂದು ಹಿಡಿದದ್ದು ದೂರಿದವರ ತಪ್ಪು.

ಇನ್ನು ‘ವಂಶವೃಕ್ಷ’. ಇದನ್ನು ಓದಿದ ವೈದಿಕಸಂಸ್ಕಾರದವರು ಶ್ರೋತ್ರಿಗಳಲ್ಲಿ ತಮ್ಮ ಆದರ್ಶವನ್ನು ಕಂಡರು. ಮಗ ನಂಜುಂಡನು ಕಪಿಲೆಯ ಪಾಲಾದರೂ ಕುಗ್ಗದ ಸ್ಥೈರ್ಯ, ವಿಧವೆಯಾದ ಸೊಸೆ ಕಾತ್ಯಾಯನಿಯು ಪುನರ್ವಿವಾಹಮಾಡಿಕೊಂಡು ಹೋದಾಗಲೂ ಕ್ರೋಧಕ್ಕೆ ಎಡೆಗೊಡದ ಸಂಯಮ, ಮೊಮ್ಮಗನನ್ನು ವಂಶಕ್ಕಾಗಿ ಉಳಿಸಿಕೊಂಡ ನಿಷ್ಠೆ, ಇವು ಅವರಿಗೆ ಪ್ರಿಯವಾದುವು. ನವೀನ ಮನೋಭಾವದ ವಿಮರ್ಶಕರು ಕಾತ್ಯಾಯನಿಯ ಗರ್ಭಪಾತಗಳನ್ನೂ ಅಕಾಲಮರಣವನ್ನೂ ನೋಡಿ, ಇದು ಪುನರ್ವಿವಾಹಕ್ಕೆ ವಿಧಿಸಿದ ದಂಡವೆಂದು ಆಕ್ಷೇಪಿಸಿದರು. ಹೊಗಳಿದವರೂ ತೆಗಳಿದವರೂ ಒಂದೇ ಸ್ಥಳದಲ್ಲಿ ನಿಂತುಬಿಟ್ಟರು. ಅದು ಉಪಸಂಹಾರಕ್ಕಿಂತ ಹಿಂದಿನ ಸ್ಥಳ.

ಉಪಸಂಹಾರದಲ್ಲಿ ನಡೆದುದೇನು? ಯಾವ ವಂಶದ ಶುದ್ಧಿಗಾಗಿ ಶ್ರೋತ್ರಿಗಳು ಜೀವಮಾನವನ್ನು ಸವೆಸಿದರೋ, ತಾಯಿಯ ಮಗುವನ್ನು ತಾಯಿಗೆ ಕೊಡಲಿಲ್ಲವೋ, ಆ ವಂಶದ ರಕ್ತವು ತಮ್ಮಲ್ಲಿ ಇಲ್ಲವೆಂದು, ತಾವು ಪರಬೀಜದಿಂದ ಹುಟ್ಟಿದವರೆಂದು ಅವರಿಗೆ ತಿಳಿದುಬರುವುದು. ಕ್ಷೇತ್ರಜಪುತ್ರನನ್ನು ಪ್ರಾಚೀನ ಧರ್ಮಶಾಸ್ತ್ರವು ದ್ವಾದಶಪುತ್ರರಲ್ಲಿ ಎಣಿಸಿತ್ತು. ಅನಂತರದವರು ನಿಯೋಗವನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದರು. ಆ ಹಳೆಯ ವಚನವನ್ನು ಹಿಡಿದು ಸಮಾಧಾನಪಟ್ಟುಕೊಳ್ಳಲು ಶ್ರೋತ್ರಿಗಳಿಗೆ ಅವಕಾಶವಿತ್ತು. ಅವರು ಹಾಗೆ ಮಾಡದೆ ಆಸ್ತಿಯನ್ನು ತೊರೆದರು, ಮರಣಶಯ್ಯೆಯಲ್ಲಿದ್ದ ಕಾತ್ಯಾಯನಿಯ ಬಾಯಿಗೆ ಅವಳ ಮಗನಿಂದಲೇ ನೀರು ಬಿಡಿಸಿದರು, ಸಂನ್ಯಾಸಕ್ಕೆ ಹೊರಟರು. ‘ಸಂಸ್ಕಾರ’ವು ಆಚಾರವಂತನ ಅಧಿಕಾರವನ್ನು ಪ್ರಶ್ನಿಸಿದರೆ, ‘ವಂಶವೃಕ್ಷ’ವು ಆ ಅಧಿಕಾರಕ್ಕೆ ಆಧಾರವಾದ ಜನ್ಮವನ್ನೇ ಪ್ರಶ್ನಿಸುವುದು. ಪರ್ಯಾಲೋಚಿಸಿದರೆ ಎರಡನೆಯ ಪ್ರಶ್ನೆಯೇ ಹೆಚ್ಚು ಆಳವಾದದ್ದು. ಆದರೂ ಅದು ಯಾರನ್ನೂ ಕೆರಳಿಸಲಿಲ್ಲ. ಏಕೆಂದರೆ ನಾಯಕನು ಜಿತೇಂದ್ರಿಯನಾಗಿದ್ದನು, ಅಗ್ರಹಾರದ ಹಾಸ್ಯಚಿತ್ರಗಳು ಅಲ್ಲಿರಲಿಲ್ಲ.

ಅಂತು ಒಂದು ಗ್ರಂಥದಲ್ಲಿ ಪೂರ್ವಪಕ್ಷವನ್ನು ಸಿದ್ಧಾಂತವೆಂದು ತಿಳಿದದ್ದಾಯಿತು, ಮತ್ತೊಂದರಲ್ಲಿ ಉಪಸಂಹಾರವನ್ನು ಗಣಿಸದೆ ಬಿಟ್ಟದ್ದಾಯಿತು. ಶ್ರದ್ಧೆಯು ಈ ಪ್ರಮಾದಗಳಿಗೆ ಕಾರಣವೆಂದು ಹೇಳುವುದು ಯುಕ್ತವಲ್ಲ. ಶ್ರದ್ಧೆಯ ಜೊತೆಯಲ್ಲಿ ಇರಬೇಕಾಗಿದ್ದ ಶಾಸ್ತ್ರಾಭ್ಯಾಸವು ಕಳಚಿಹೋದದ್ದೇ ಕಾರಣ. ವಾಕ್ಯಾರ್ಥಸಭೆಯಲ್ಲಿ ಪ್ರತಿವಾದಿಯನ್ನು ಕೂರಿಸಿಕೊಂಡು ಕೇಳುತ್ತಿದ್ದ ಸಂಪ್ರದಾಯದವರು ಕಾದಂಬರಿಯ ಮುಂದೆ ಸರ್ಕಾರದ ಆಶ್ರಯವನ್ನು ಬಯಸುವಂತಾದದ್ದು ಶೋಚನೀಯ. ಕಾಲೇಜುಗಳಲ್ಲಿ ಈ ಎರಡು ಕೃತಿಗಳನ್ನು ಪಾಠಹೇಳುವ ಅಧ್ಯಾಪಕರು ಇವನ್ನು ಬೇರೆಬೇರೆಯಾಗಿ ಬೋಧಿಸದೆ ಜೊತೆಗೂಡಿಸಿ, ಘಟಸ್ಫೋಟ ಕ್ಷೇತ್ರಜಾದಿ ಧರ್ಮಶಾಸ್ತ್ರವಿಷಯಗಳನ್ನೂ ವಿದ್ಯಾರ್ಥಿಗಳ ಮುಂದಿಟ್ಟು ವಿಚಾರಮಾಡಿಸಿದರೆ, ನಂಬುವವನಿಗೂ ನಂಬದವನಿಗೂ ಗ್ರಂಥವು ಕೇಳುತ್ತಿರುವ ಪ್ರಶ್ನೆ ಯಾವುದೆಂಬುದು ಸ್ಪಷ್ಟಪಡುವುದು. ಉತ್ತರವನ್ನು ಅವರವರು ಕಂಡುಕೊಳ್ಳಲಿ.