ಲೋಕದ ಸ್ವತ್ತು ಮತ್ತು ಮರಳಿದ ಸ್ವಾಮ್ಯ: ಗೋಲನ್ ಮೊಕದ್ದಮೆಯ ತೀರ್ಪಿನ ವಿಮರ್ಶೆ

ಗ್ರಂಥಕರ್ತನಿಗೆ ತನ್ನ ಕೃತಿಯ ಮೇಲಿರುವ ಹಕ್ಕು ಕಾಲಮಿತಿಯುಳ್ಳದ್ದೆಂಬುದೂ, ಆ ಮಿತಿ ಕಳೆದೊಡನೆ ಕೃತಿಯು ಲೋಕದ ಸ್ವತ್ತಾಗುವುದೆಂಬುದೂ ಕೃತಿಸ್ವಾಮ್ಯದ ಕಾನೂನುಗಳ ಮೂಲತತ್ತ್ವವಾಗಿದೆ. ಆದರೆ ಒಮ್ಮೆ ಲೋಕದ ಸ್ವತ್ತಾಗಿ ಪರಿಣಮಿಸಿದ ಕೃತಿಯನ್ನು ಮರಳಿ ಒಬ್ಬನ ಸ್ವಾಮ್ಯಕ್ಕೆ ಒಪ್ಪಿಸಬಹುದೆ? ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2012ರ ಜನವರಿ 18ರಂದು ಗೋಲನ್ ಮತ್ತು ಹೋಲ್ಡರ್ ಮೊಕದ್ದಮೆಯಲ್ಲಿ ಈ ಪ್ರಶ್ನೆಗೆ ‘ಒಪ್ಪಿಸಬಹುದು’ ಎಂದು ಉತ್ತರವಿತ್ತಿತು. ಮೇಲ್ನೋಟಕ್ಕೆ ಇದು ಪರದೇಶದ ಸಂಗೀತಗಾರರ ವ್ಯಾಜ್ಯವೆಂದು ತೋರಿದರೂ ಇದರ ಪರಿಣಾಮವು ಕನ್ನಡ ಗ್ರಂಥಗಳವರೆಗೂ ವ್ಯಾಪಿಸಿರುವುದರಿಂದ ತೀರ್ಪಿನ ಗುಣದೋಷಗಳ ಪರಿಶೀಲನೆ ಅವಶ್ಯವಾಗಿದೆ.

ವ್ಯಾಜ್ಯದ ಬೇರು ಹಳೆಯದು. ಅಮೆರಿಕದ 1790ರ ಕಾನೂನು ಆ ದೇಶದ ಪ್ರಜೆಗಳಿಗೂ ನಿವಾಸಿಗಳಿಗೂ ಮಾತ್ರ ರಕ್ಷಣೆಯನ್ನಿತ್ತಿತ್ತು. ಇಂಗ್ಲೆಂಡಿನ ಗ್ರಂಥಗಳನ್ನು ಅಲ್ಲಿನ ಮುದ್ರಕರು ಅನುಮತಿಯಿಲ್ಲದೆ ಅಚ್ಚುಹಾಕಿ ಮಾರುತ್ತಿದ್ದರು. 1842ರಲ್ಲಿ ಆ ದೇಶದಲ್ಲಿ ಪ್ರವಾಸಮಾಡಿದ ಚಾರ್ಲ್ಸ್ ಡಿಕನ್ಸ್ ಇದನ್ನು ಬಹಿರಂಗವಾಗಿಯೇ ಖಂಡಿಸಿದನು. ವಿದೇಶೀಯರಿಗೆ ಬಾಗಿಲು ತೆರೆದುದು 1891ರಲ್ಲಿ. ಆ ಮೇಲೆಯೂ ಹಕ್ಕಿನ ಸೂಚನೆಯನ್ನು ಮುದ್ರಿಸುವುದು, 28 ವರ್ಷಗಳ ತರುವಾಯ ನವೀಕರಿಸಿಕೊಳ್ಳುವುದು ಮೊದಲಾದ ವಿಧಿಗಳನ್ನು ಪಾಲಿಸದವರ ಕೃತಿಗಳು ಸ್ವಾಮ್ಯವನ್ನು ಕಳೆದುಕೊಳ್ಳುತ್ತಿದ್ದುವು. ಸೋವಿಯೆತ್ ಒಕ್ಕೂಟದೊಡನೆ 1973ರವರೆಗೂ ಕೃತಿಸ್ವಾಮ್ಯದ ಸಂಬಂಧವೇ ಇರಲಿಲ್ಲ. 1886ರಲ್ಲಿ ಏರ್ಪಟ್ಟ ಬರ್ನ್ ಒಡಂಬಡಿಕೆಯನ್ನು ಅಮೆರಿಕವು ಸೇರಿದುದು 1989ರಲ್ಲಿ.

ಆ ಒಡಂಬಡಿಕೆಯ 18ನೆಯ ವಿಧಿಯ ಪ್ರಕಾರ, ಮೂಲದೇಶದಲ್ಲಿ ಅವಧಿ ಮುಗಿಯದಿರುವ ಕೃತಿಗಳಿಗೆ ಹೊಸದಾಗಿ ಸೇರಿದ ದೇಶವೂ ರಕ್ಷಣೆ ಕೊಡಬೇಕು. ಅಮೆರಿಕವು ಇದನ್ನು ಒಡನೆಯೇ ಕಾರ್ಯಗತಗೊಳಿಸಲಿಲ್ಲ. 1994ರಲ್ಲಿ ಉರುಗ್ವೆ ಸುತ್ತಿನ ವಾಣಿಜ್ಯ ಒಪ್ಪಂದಕ್ಕೆ ಮರಾಕೆಶ್ ನಗರದಲ್ಲಿ ಸಹಿಯಾದಾಗ ಬರ್ನ್ ವಿಧಿಗಳು ಅದರಲ್ಲಿ ಅಡಕವಾದುವು. ತಪ್ಪಿ ನಡೆದವರನ್ನು ವಿಶ್ವ ವಾಣಿಜ್ಯ ಸಂಸ್ಥೆಯ ಮುಂದೆ ನಿಲ್ಲಿಸುವ ಮಾರ್ಗವೂ ಏರ್ಪಟ್ಟಿತು. ಅದೇ ವರ್ಷ ಅಮೆರಿಕದ ಶಾಸನಸಭೆಯು ಒಪ್ಪಂದದ ಜಾರಿಯ ಕಾನೂನಿನಲ್ಲಿ 514ನೆಯ ಪ್ರಕರಣವನ್ನು ಸೇರಿಸಿತು. ಬಹುತೇಕ ದೇಶಗಳ ಕೃತಿಗಳಿಗೆ 1996ರ ಜನವರಿ 1ರಿಂದ ಸ್ವಾಮ್ಯವು ತಾನಾಗಿಯೇ ಮರಳಿತು. ಹಿಂದಿನ ಬಳಕೆಗೆ ದಂಡವಿರಲಿಲ್ಲ. ಮೊದಲಿನಿಂದ ಬಳಸುತ್ತಿದ್ದವರಿಗೆ, ಹಕ್ಕುದಾರನು ಸೂಚನೆ ಕೊಟ್ಟ ಬಳಿಕ 12 ತಿಂಗಳ ಕಾಲಾವಕಾಶವಿತ್ತು.

ಕಾನೂನನ್ನು ಪ್ರಶ್ನಿಸಿದವರಲ್ಲಿ ವಾದ್ಯವೃಂದದ ನಿರ್ದೇಶಕ ಲಾರೆನ್ಸ್ ಗೋಲನ್ ಪ್ರಮುಖರು. ಪ್ರೊಕೋಫಿಯೆವನ 1936ರ ‘ಪೀಟರ್ ಮತ್ತು ತೋಳ’ ಮೊದಲಾದ ಕೃತಿಗಳನ್ನು ಅಲ್ಲಿಯವರೆಗೆ ಮುಕ್ತವಾಗಿ ನುಡಿಸುತ್ತಿದ್ದ ಚಿಕ್ಕ ವೃಂದಗಳು ಇನ್ನು ಹಣ ತೆರಬೇಕಾಯಿತೆಂಬುದು ಅವರ ಅಹವಾಲು. ಎಂಟು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಕಾನೂನನ್ನು ಎತ್ತಿಹಿಡಿದರು.

ಬಹುಮತದ ತೀರ್ಪನ್ನು ಬರೆದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ವಾದಸರಣಿ ಹೀಗಿದೆ. ಸಂವಿಧಾನವು ‘ಮಿತಕಾಲ’ವೆಂದು ಹೇಳಿದೆಯೇ ಹೊರತು ಲೋಕದ ಸ್ವತ್ತಿನ ಗಡಿಯನ್ನು ಎಂದಿಗೂ ದಾಟಬಾರದೆಂದು ವಿಧಿಸಿಲ್ಲ, 1790ರ ಕಾನೂನೇ ಆ ಮೊದಲು ಪ್ರಕಟವಾಗಿದ್ದ ಗ್ರಂಥಗಳಿಗೂ ರಕ್ಷಣೆಯನ್ನಿತ್ತಿತ್ತು. ವಿದೇಶೀ ಗ್ರಂಥಕರ್ತನಿಗೆ ಹೊಸ ಕಾನೂನಿನಿಂದ ದೊರೆತುದು ವಿಶೇಷಾನುಗ್ರಹವಲ್ಲ, ಸ್ವದೇಶೀಯನೊಡನೆ ಸಮಾನ ಸ್ಥಾನ ಮಾತ್ರ. ಈ ಕೊನೆಯ ಮಾತಿನಲ್ಲಿ ಧರ್ಮವಿದೆಯೆಂದು ಒಪ್ಪಬೇಕು. 1996ರಲ್ಲಿ ಶಿವರಾಮ ಕಾರಂತರು ಜೀವಿಸಿದ್ದರು. ಅವರ 1940ರ ದಶಕದ ಕಾದಂಬರಿಯೊಂದು ವಾಷಿಂಗ್ಟನ್ನಿನ ಕಚೇರಿಯಲ್ಲಿ ನವೀಕರಣವಾಗಲಿಲ್ಲವೆಂಬ ಕಾರಣದಿಂದ ಅಲ್ಲಿ ಅವರಿಗೆ ಹಕ್ಕಿಲ್ಲವೆನ್ನುವುದು ನ್ಯಾಯವಾಗಲಾರದು.

ಸ್ಟೀವನ್ ಬ್ರೇಯರ್ ಅವರು ಬರೆದು ಸ್ಯಾಮ್ಯುಯೆಲ್ ಅಲಿಟೊ ಅವರು ಒಪ್ಪಿದ ಭಿನ್ನಮತವು ಬೇರೊಂದು ಕಡೆಗೆ ಬೆರಳು ತೋರಿಸುತ್ತದೆ. ಈಗಾಗಲೇ ರಚಿತವಾಗಿರುವ ಕೃತಿಗೆ ಸ್ವಾಮ್ಯವನ್ನಿತ್ತರೆ ಹೊಸ ಕೃತಿಯೊಂದೂ ಹುಟ್ಟುವುದಿಲ್ಲ. ಹಕ್ಕುದಾರರಾರೆಂಬುದೇ ತಿಳಿಯದ ಅಸಂಖ್ಯ ಹಳೆಯ ಗ್ರಂಥಗಳಿಗೆ ಅನುಮತಿಯನ್ನು ಹುಡುಕುವ ಹೊರೆ ಮಾತ್ರ ಗ್ರಂಥಾಲಯಗಳ ಮೇಲೆ ಬೀಳುತ್ತದೆ. ಈ ಆಕ್ಷೇಪಕ್ಕೆ ಬಹುಮತವು ತೃಪ್ತಿಕರವಾದ ಸಮಾಧಾನವನ್ನು ಹೇಳಲಿಲ್ಲ. ಅನಾಥಕೃತಿಗಳ ಸಮಸ್ಯೆ ವಿದೇಶೀ ಕೃತಿಗಳಿಗಷ್ಟೇ ಸೀಮಿತವಲ್ಲವೆಂದೂ, ಅದನ್ನು ಬಗೆಹರಿಸುವುದು ಶಾಸನಸಭೆಗೆ ಸೇರಿದ್ದೆಂದೂ ಹೇಳಿ ಮುಂದೆ ಸಾಗಿತು. ಸೂಚನೆಯ ರಕ್ಷಣೆಯಾದರೂ ಹಳೆಯ ಬಳಕೆದಾರರಿಗೆ ಉಂಟು; ಹೊಸದಾಗಿ ಹಳೆಯ ಗ್ರಂಥವನ್ನು ಕೈಗೆತ್ತಿಕೊಳ್ಳುವವನಿಗೆ ಇಲ್ಲ.

ಇದಕ್ಕಿಂತ ಮುಖ್ಯವಾದ ಕೊರತೆ ಸಮಾನತೆಯ ವಾದದೊಳಗೇ ಅಡಗಿದೆ. ಮೂಲದೇಶದಲ್ಲಿ ಜೀವಂತವಾಗಿರುವ ಹಕ್ಕನ್ನು ಗೌರವಿಸುವುದು ಕಾನೂನಿನ ಉದ್ದೇಶವಾದರೆ, ಮೂಲದೇಶದಲ್ಲಿ ಹಕ್ಕು ಮುಗಿದ ದಿನ ಇಲ್ಲಿಯೂ ಮುಗಿಯಬೇಕಲ್ಲವೆ? ಬರ್ನ್ ಒಡಂಬಡಿಕೆಯ ಸಾಮಾನ್ಯ ನಿಯಮವೂ ಅದೇ. ಆದರೆ ಸದಸ್ಯ ದೇಶವು ಬೇರೆ ರೀತಿ ವಿಧಿಸಿಕೊಳ್ಳಲು ಅವಕಾಶವಿದೆ, ಅಮೆರಿಕವು ಅಲ್ಪಾವಧಿಯ ನಿಯಮವನ್ನು ಅಂಗೀಕರಿಸಿಲ್ಲ. 1996ರ ಜನವರಿ 1ರಂದು ಮಾತ್ರ ಅದು ಮೂಲದೇಶದ ಕಡೆಗೆ ನೋಡುತ್ತದೆ. ಅನಂತರ ತನ್ನದೇ ಅಳತೆಗೋಲಿನಿಂದ, ಎಂದರೆ 1978ಕ್ಕೆ ಮೊದಲು ಪ್ರಕಟವಾದ ಕೃತಿಗೆ ಪ್ರಕಟಣೆಯಿಂದ 95 ವರ್ಷಗಳೆಂದು, ಅಳೆಯುತ್ತದೆ.

ಕನ್ನಡದ ಉದಾಹರಣೆಗಳಿಂದ ಇದು ಸ್ಪಷ್ಟವಾಗುವುದು. ಭಾರತದಲ್ಲಿ ಗ್ರಂಥಕರ್ತನ ಮರಣಾನಂತರದ ಅವಧಿ ಮೊದಲು 50 ವರ್ಷಗಳಿದ್ದು, 1992ರ ತಿದ್ದುಪಡಿಯಿಂದ 60 ಆಯಿತು. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡುದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಅವಧಿ 1987ರಲ್ಲಿಯೇ ತೀರಿತ್ತು. ಅಮೆರಿಕದಲ್ಲಿ ಅವುಗಳಿಗೆ ಸ್ವಾಮ್ಯ ಮರಳಲಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ತೀರಿಕೊಂಡುದು 1946ರಲ್ಲಿ. ಅವರ ‘ಪಾರಸಿಕರು’ 1935ರ ಪ್ರಕಟಣೆ. ಭಾರತದಲ್ಲಿ 2007ರಿಂದ ಅದು ಲೋಕದ ಸ್ವತ್ತು. ಅಮೆರಿಕದಲ್ಲಿಯಾದರೋ 2030ರ ಕೊನೆಯವರೆಗೂ ಅದಕ್ಕೆ ಬೀಗ. ಬೆಂಗಳೂರಿನಲ್ಲಿ ಯಾರಾದರೂ ಅಚ್ಚುಹಾಕಬಹುದಾದ ಕನ್ನಡ ನಾಟಕವನ್ನು ಅಮೆರಿಕದ ಗ್ರಂಥಾಲಯವೊಂದು ಅಂತರಜಾಲದಲ್ಲಿ ಪೂರ್ಣವಾಗಿ ತೆರೆದಿಡಲು ಅಂಜಬೇಕು. ಬೇಂದ್ರೆಯವರು 1981ರಲ್ಲಿ ತೀರಿಕೊಂಡುದರಿಂದ ಅವರ 1964ರ ‘ನಾಕುತಂತಿ’ ಭಾರತದಲ್ಲಿ 2041ರ ಕೊನೆಗೆ ಮುಕ್ತವಾದರೆ, ಅಲ್ಲಿ 2059ರ ಕೊನೆಗೆ. ತಾಯ್ನಾಡಿನ ಕಾನೂನೇ ಕೊಡದಿರುವ ಇಂಥ ಹೆಚ್ಚುವರಿ ವರ್ಷಗಳನ್ನು ಸಮಾನತೆಯೆಂದು ಹೇಗೆ ಕರೆಯುವುದು?

ಕರ್ನಾಟಕದ ಹೊರಗೆ ನೆಲಸಿರುವ ಕನ್ನಡಿಗರಿಗೆ ಇದು ಕೇವಲ ತರ್ಕದ ವಿಷಯವಲ್ಲ. ಹಳೆಯ ಕನ್ನಡ ಗ್ರಂಥವನ್ನು ಅಂಗಡಿಯಲ್ಲಿ ಕೊಳ್ಳಲಾಗದ ಊರುಗಳಲ್ಲಿ ಅಂತರಜಾಲದ ಪ್ರತಿಯೇ ಅನೇಕ ವೇಳೆ ಏಕೈಕ ಆಸರೆ. ವಿಕಿಸೋರ್ಸ್‌ನಂಥ ಮುಕ್ತ ಗ್ರಂಥಭಂಡಾರಗಳು ಅಮೆರಿಕದ ಕಾನೂನಿಗೆ ಒಳಪಟ್ಟಿರುವುದರಿಂದ ಮುಂಬಯಿಯ ವಾಚಕನೂ ಆ ಬೀಗದ ಹೊರಗೇ ನಿಲ್ಲಬೇಕಾಗುವುದು. ಇತ್ತ ಆ ಬೀಗದಿಂದ ಗ್ರಂಥಕರ್ತರ ವಂಶಸ್ಥರಿಗಾದರೂ ಲಾಭವುಂಟೆ? ಅಮೆರಿಕದಲ್ಲಿ ಮಾರಾಟಕ್ಕೇ ಇಲ್ಲದ ಪುಸ್ತಕದಿಂದ ಗೌರವಧನ ಹುಟ್ಟುವುದಿಲ್ಲ.

ಆದುದರಿಂದ ಗೋಲನ್ ತೀರ್ಪಿನ ಬಗ್ಗೆ ಹೇಳಬೇಕಾದುದು ಇಷ್ಟು. ಸ್ವಾಮ್ಯವನ್ನು ಮರಳಿಸಿದುದು ತಪ್ಪಲ್ಲ. ಅದನ್ನು ಮೂಲದೇಶದ ಅವಧಿಗೆ ಕಟ್ಟದೆ ಬಿಟ್ಟುದು ತಪ್ಪು. ಸಂವಿಧಾನವು ಅಡ್ಡಬರುವುದಿಲ್ಲವೆಂದು ನ್ಯಾಯಾಲಯ ಹೇಳಿತೇ ಹೊರತು ಕಾನೂನು ವಿವೇಕಯುತವೆಂದು ಪ್ರಮಾಣಪತ್ರವನ್ನು ಕೊಡಲಿಲ್ಲ. ಅಲ್ಪಾವಧಿಯ ನಿಯಮವನ್ನು ಒಪ್ಪಲು ಆ ದೇಶದ ಶಾಸನಸಭೆಗೆ ಇಂದಿಗೂ ಅವಕಾಶವಿದೆ. ಅತ್ತ ಅದು ನಡೆಯುವವರೆಗೆ ಇತ್ತ ಕನ್ನಡ ಸಂಘಗಳೂ ಪ್ರಕಾಶಕರೂ ಮಾಡಬಹುದಾದ ಕೆಲಸವೊಂದುಂಟು. ಹಳೆಯ ಗ್ರಂಥಗಳ ಪ್ರಕಟಣೆಯ ವರ್ಷ, ಗ್ರಂಥಕರ್ತರ ಮರಣದ ವರ್ಷ, ಹಕ್ಕುದಾರರ ಹೆಸರು ಇವನ್ನು ದಾಖಲೆ ಮಾಡಿ, ವಂಶಸ್ಥರಿಂದ ಲಿಖಿತ ಅನುಮತಿಯನ್ನು ಪಡೆದಿಟ್ಟರೆ ಬೀಗದ ಕೈ ಕನ್ನಡಿಗರ ಬಳಿಯಲ್ಲಿಯೇ ಉಳಿಯುವುದು.