ಸಾಲುಗಳ ನಡುವಣ ಬಯಲು

ಜಾಲಪುಟದ ಅಕ್ಷರವಿನ್ಯಾಸದಲ್ಲಿ ರಸಿಕನೆನಿಸಿಕೊಂಡವನು ಮೊದಲು ಫಾಂಟಿನ ಚೆಲುವನ್ನು ನೋಡುವನೆಂಬುದು ರೂಢಿಯ ಮಾತು. ನಾನಾದರೋ ಕನ್ನಡದ ಪುಟವೊಂದು ತೆರೆದುಕೊಂಡೊಡನೆ ನೋಡುವುದು ಎರಡು ಸಾಲುಗಳ ನಡುವಣ ಬಯಲನ್ನು. ಫಾಂಟು ಎಷ್ಟೇ ಸುಭಗವಾಗಿರಲಿ, ಮೇಲಿನ ಸಾಲಿನ ‘ರಾಷ್ಟ್ರ’ದಿಂದ ಇಳಿಬಿದ್ದ ಒತ್ತುಗಳು ಕೆಳಗಿನ ಸಾಲಿನ ‘ನೀತಿ’ಯ ಗುಡಿಸುಗಳಿಗೆ ತಾಗಿಕೊಂಡಿದ್ದರೆ ಆ ಚೆಲುವನ್ನು ಸವಿಯುವ ವ್ಯವಧಾನ ಕಣ್ಣಿಗೆಲ್ಲಿಯದು?

ಹೋಕನ್ ವಿಯುಮ್ ಲೀ 1994ರಲ್ಲಿ ಪ್ರಸ್ತಾಪಿಸಿದ, 1996ರ ಡಿಸೆಂಬರಿನಲ್ಲಿ ವಿಧಿವತ್ತಾಗಿ ಅಂಗೀಕೃತವಾದ ಸಿಎಸ್‌ಎಸ್ ಎಂಬ ಜಾಲಪುಟಗಳ ಅಲಂಕಾರಶಾಸ್ತ್ರವು, ಸಾಲಿನ ಎತ್ತರವನ್ನು ವಿನ್ಯಾಸಕಾರನು ಹೇಳದೆ ಬಿಟ್ಟ ಪಕ್ಷದಲ್ಲಿ ಅದು ಅಕ್ಷರಗಾತ್ರದ 1.0ರಿಂದ 1.2ರಷ್ಟಿರಲೆಂದು ಸಲಹೆಮಾಡಿತ್ತು. ರೋಮನ್ ಲಿಪಿಗೆ ಅದು ಒಪ್ಪುವ ಮಾತೇ ಸರಿ. ಮೇಲೆ ಗುಡಿಸನ್ನು ಹೊತ್ತು, ಕೆಳಗೆ ಒತ್ತಿನಡಿ ಇನ್ನೊಂದು ಒತ್ತನ್ನು ಧರಿಸಿ ನಿಲ್ಲುವ ನಮ್ಮ ಲಿಪಿಗೆ ಮಾತ್ರ ಅದು ಸಾಲದು. ಇಂದಿನ ಬ್ರೌಸರುಗಳು ಫಾಂಟಿನೊಳಗೇ ಅಡಗಿರುವ ಅಳತೆಗಳನ್ನು ವಿಚಾರಿಸಿ ಸಾಲಿನ ಎತ್ತರವನ್ನು ನಿರ್ಣಯಿಸುವುದರಿಂದ ಸುಮ್ಮನೆ ಬಿಟ್ಟ ಪುಟವು ಬಹುಮಟ್ಟಿಗೆ ನೆಟ್ಟಗೇ ಇರುತ್ತದೆ. ಇಂಗ್ಲಿಷ್ ಪುಟಕ್ಕಾಗಿ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದಾಗಲೇ ಕಷ್ಟ ಆರಂಭವಾಗುವುದು. ನನ್ನ ಅಭಿರುಚಿಗೆ ಲೈನ್-ಹೈಟ್ 1.7 ಹಿತವಾಗಿದೆ; 1.5ಕ್ಕಿಂತ ಕೆಳಗಿಳಿದರೆ ಓದು ಪ್ರಯಾಸವಾಗುತ್ತದೆ.

ಆ 1.7ನ್ನು ಪಿಕ್ಸೆಲಿನ ಹಂಗಿಲ್ಲದೆ ಬರಿಯ ಸಂಖ್ಯೆಯಾಗಿಯೇ ಬರೆಯಬೇಕೆಂಬುದು ಇನ್ನೊಂದು ಸೂಕ್ಷ್ಮ. 16 ಪಿಕ್ಸೆಲಿನ ಒಡಲಬರಹಕ್ಕೆ 27 ಪಿಕ್ಸೆಲ್ ಎಂದು ವಿಧಿಸಿದರೆ, 32 ಪಿಕ್ಸೆಲಿನ ಶೀರ್ಷಿಕೆಯೂ ಆ 27ನ್ನೇ ಪಿತ್ರಾರ್ಜಿತವಾಗಿ ಪಡೆದು, ಎರಡು ಸಾಲಿಗೆ ಹರಿದ ಮಾತ್ರಕ್ಕೆ ಒಂದರ ಮೇಲೊಂದು ಬೀಳುತ್ತದೆ. ಬರಿಯ ಸಂಖ್ಯೆಯಾದರೋ ಪ್ರತಿಯೊಂದು ಅಕ್ಷರಗಾತ್ರಕ್ಕೂ ಬೇರೆಬೇರೆಯಾಗಿ ಗುಣಿತವಾಗುವುದು.

ಅಕ್ಷರಗಳ ನಡುವೆ ಲೆಟರ್-ಸ್ಪೇಸಿಂಗ್ ಸೇರಿಸಿ ಪದವನ್ನು ಸಡಿಲಿಸುವ ಶೋಕಿಯ ವಿಷಯದಲ್ಲಿ ನಾನು ಹೇಳುವುದಿಷ್ಟೆ: ಬೇಡ.

ಓರೆ ಅಕ್ಷರದ ವ್ಯಾಮೋಹವನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಬಹುಪಾಲು ಕನ್ನಡ ಫಾಂಟುಗಳಿಗೆ ಇಟಾಲಿಕ್ ರೂಪವೇ ಇಲ್ಲ. 100ರಿಂದ 900ರವರೆಗೆ ನಾನಾ ತೂಕಗಳಲ್ಲಿ ದೊರೆಯುವ ನೋಟೊ ಸೆರಿಫ್ ಕನ್ನಡಕ್ಕೂ ಇಲ್ಲ. ಹೀಗಿದ್ದೂ ಇಟಾಲಿಕ್ ಬೇಕೆಂದು ಆಜ್ಞಾಪಿಸಿದರೆ, ಬ್ರೌಸರು ನೆಟ್ಟಗಿರುವ ಅಕ್ಷರವನ್ನೇ ಬಲಕ್ಕೆ ವಾಲಿಸುತ್ತದೆ. ದುಂಡನೆಯ ‘ಠ’ ಸೊಟ್ಟಗಾಗುತ್ತದೆ, ತಲಕಟ್ಟು ಒಂದು ಕಡೆಗೆ ಜಾರಿದಂತೆ ತೋರುತ್ತದೆ. ಔಚಿತ್ಯವೇ ಕಾವ್ಯದ ಜೀವವೆಂದ ಆಲಂಕಾರಿಕರ ನಾಡಿನಲ್ಲಿ ಇಂಥ ಕೃತಕ ವಕ್ರತೆ ಸಲ್ಲದು. ಫಾಂಟ್-ಸಿಂಥೆಸಿಸ್ ಎಂಬ ಗುಣಕ್ಕೆ ‘ನನ್’ ಎಂದು ಬರೆದರೆ ಈ ವಾಲಿಕೆ ನಿಲ್ಲುತ್ತದೆ. ಒತ್ತಿಹೇಳಬೇಕಾದ ಮಾತಿಗೆ ತುಸು ದಪ್ಪ ತೂಕವೋ ಬೇರೆ ಬಣ್ಣವೋ ಧಾರಾಳವಾಗಿ ಸಾಕು.

ಕನ್ನಡ ಪುಟಗಳನ್ನು ಕಟ್ಟುವ ಮಿತ್ರರಲ್ಲಿ ಒಂದು ವಿನಂತಿ: ಮಾದರಿ ಬರಹವಾಗಿ ‘ಕಮಲ’, ‘ಬಸವ’ ಎಂಬ ಒತ್ತಿಲ್ಲದ ಪದಗಳನ್ನಿಟ್ಟು ತೃಪ್ತರಾಗದೆ, ‘ರಾಷ್ಟ್ರ’, ‘ಸ್ತ್ರೀ’, ‘ಶಾಸ್ತ್ರ’ಗಳನ್ನು ಒಂದರ ಕೆಳಗೊಂದು ಬರೆದು, ಮೊಬೈಲಿನ ಕಿರುತೆರೆಯಲ್ಲಿ ಒಮ್ಮೆ ಪರೀಕ್ಷಿಸಿ ನೋಡಿ.